ಕಳೆಯೆಂದು ಕಿತ್ತ ಕಾಡುಕಾಫಿ

ಕಾಫಿಪುಡಿಯ ಡಬ್ಬಿಯ ಮುಚ್ಚಳ ತೆಗೆದಾಗ ಏಳುವ ಪರಿಮಳಕ್ಕೆ ಮನಸ್ಸು ಅರಳುತ್ತಿದ್ದ ಕಾಲವೊಂದಿತ್ತು, ಗೆಳೆಯರೇ. ಈಗ ಅದೇ ಪರಿಮಳಕ್ಕೆ ಸಿಟ್ಟು ನೆತ್ತಿಗೇರುತ್ತದೆ. ಯಾಕೆಂದು ಹೇಳುತ್ತೇನೆ.

ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಕೆಂಚಾರ್ಲಹಳ್ಳಿಯ ಆಚೆಗಿನ ಕಲ್ಲುಗುಡ್ಡದ ಕುರುಚಲಿನಲ್ಲಿ ಕಾಡುಕಾಫಿ ಇರುವುದನ್ನು ನನಗೆ ತೋರಿಸಿದವರು ಕುರಿ ಮೇಯಿಸುವ ನಾರಾಯಣಮ್ಮ. ಮಳೆ ಬಿದ್ದರೆ ಮೈತುಂಬ ಮಲ್ಲಿಗೆಯಂಥ ಹೂ ಬಿಡುತ್ತಿದ್ದ ಆ ಗಿಡಗಳು, ಬೇಸಿಗೆಯಲ್ಲಿ ಎಲೆಯುದುರಿಸಿ, ಒಣಕಡ್ಡಿಗಳಂತೆ ನಿಂತು, ಜೀವವನ್ನು ಬೇರಿಗಿಳಿಸಿಕೊಂಡು ಕಾಯುತ್ತಿದ್ದವು. ನಾವು ಕುಡಿಯುವ ಕಾಫಿಯ ತೋಟಗಳು ಬಹುಪಾಲು ಕೆಲವೇ ಗಿಡಗಳ ಸಂತತಿ. ಅವಕ್ಕೆ ನೆರಳು ಬೇಕು, ನೀರು ಬೇಕು, ಔಷಧಿ ಬೇಕು. ಈ ಬಡ ದಾಯಾದಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ನಾಳೆ ತೋಟಗಳು ಬಿಸಿಲಿಗೆ ಸೊರಗಿದರೆ ನಾವು ಹುಡುಕಿಕೊಂಡು ಹೋಗಬೇಕಾದ ಗುಟ್ಟು ಅದರ ಒಡಲಲ್ಲಿರಬಹುದಿತ್ತು.

ಹೋದ ವರ್ಷ, ಮಳೆಗೆ ಇನ್ನೂ ಕೆಲವು ದಿನ ಇರುವಾಗ, ನಾರಾಯಣಮ್ಮ ಫೋನ್ ಮಾಡಿದರು. "ಮೇಡಮ್ಮೋರೆ, ಜೆಸಿಬಿ ತಂದು ಗುಡ್ಡನೆಲ್ಲ ಬೋಳು ಮಾಡ್ತಾವ್ರೆ. ಬೇಗ ಬನ್ನಿ."

ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪರಿಸರ ದಿನಕ್ಕೆ ಸಸಿ ನೆಡಲು ಬಂದಿದ್ದ ಸಂಘವೊಂದರ ಮುಖಂಡ ನಗುನಗುತ್ತಲೇ ಹೇಳಿದ: "ಬರೀ ಒಣಗಿದ ಪೊದೆ ಮೇಡಂ, ವೇಸ್ಟ್ ಜಾಗ. ಗ್ರೀನ್ ಮಾಡ್ತಿದೀವಿ."

ಕಿತ್ತು ಹಾಕಿದ್ದ ಪೊದೆಗಳ ರಾಶಿಯಿಂದ ಒಂದು ಕಡ್ಡಿ ಎಳೆದು ಉಗುರಿನಿಂದ ಗೀರಿದೆ. ತೊಗಟೆಯಡಿ ಎಳೆಹಸಿರು ಮಿನುಗಿತು.

"ಇದು ಒಣಗಿರೋದೇನ್ರಿ? ಕಣ್ಣು ಬಿಟ್ಟು ನೋಡ್ರಿ!" ಎಂದು ಕಿರುಚಿದೆ.

ಅವನು ಗಾಬರಿಯಾಗಿ ನನ್ನ ಕೈಗೊಂದು ಗುಲ್‌ಮೊಹರ್ ಸಸಿ ಕೊಟ್ಟ. "ಬೇಜಾರಾಗ್ಬೇಡಿ ಮೇಡಂ, ಮೊದಲ್ನೇದು ನೀವೇ ನೆಡಿ. ಫೋಟೋ ತೆಗೀತೀವಿ." ಸಸಿಯನ್ನು ಅವನ ಕಾಲ ಬಳಿ ಇಟ್ಟು ಬಂದುಬಿಟ್ಟೆ.

ದಾರಿಯಲ್ಲಿ ನಾರಾಯಣಮ್ಮ ಮೆಲ್ಲಗೆ ಕೇಳಿದರು: "ಅಷ್ಟು ಸಲ ಬಂದ್ರಲ್ಲಮ್ಮ, ಒಂದು ಗಿಡನಾದ್ರೂ ಕಾಲೇಜ್ ಹತ್ರ ಹಾಕ್ಕೊಬಾರ್ದಾಗಿತ್ತಾ?"

ಆ ಮಾತಿನ ಮುಂದೆ ನನ್ನ ಕಿರುಚಾಟ ಯಾವ ಲೆಕ್ಕ? ಕಾಲೇಜಿನ ಬೀರುವಿನಲ್ಲಿ ಆ ಗಿಡದ ರೆಂಬೆಯನ್ನು ಒಣಗಿಸಿ, ಹಾಳೆಗಂಟಿಸಿ, ಹೆಸರು ಬರೆದಿಟ್ಟಿದ್ದೆ. ಸಂರಕ್ಷಣೆಯ ಕುರಿತು ಗಂಟೆಗಟ್ಟಲೆ ಪಾಠ ಮಾಡಿದ್ದೆ. ಕಾಫಿಬೀಜ ರಾಗಿಯಂತೆ ವರ್ಷಗಟ್ಟಲೆ ಡಬ್ಬಿಯಲ್ಲಿ ಜೀವ ಹಿಡಿದು ಕಾದಿರುವುದಿಲ್ಲ, ಗಿಡವಾಗಿಯೇ ಬದುಕಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವನು ಅರಿಯದೆ ಕಿತ್ತ. ನಾನು ಅರಿತೂ ಸುಮ್ಮನಿದ್ದೆ. ಯಾರ ಮೇಲೆ ಹೆಚ್ಚು ಸಿಟ್ಟಾಗಬೇಕು, ನೀವೇ ಹೇಳಿ.

ಮಳೆಗಾಲವೆಲ್ಲ ನಾವಿಬ್ಬರೂ ಹುಡುಕಿದೆವು. ಪಕ್ಕದ ಗುಡ್ಡದ ಬಂಡೆಯ ಬಿರುಕಿನಲ್ಲಿ ಒಂದೇ ಒಂದು ಗಿಡ ಸಿಕ್ಕಿತು. ಅದರ ಹಣ್ಣು ಮಾಗಿ ಕಪ್ಪಾದ ಮೇಲೆ ಬಿಡಿಸಿ ತಂದು ಕಾಲೇಜಿನ ಹಿತ್ತಲಲ್ಲಿ ಬಿತ್ತಿದೆ. ಹನ್ನೊಂದು ಮೊಳೆತವು.

"ಬಂದ್ವಲ್ಲಮ್ಮ, ಇನ್ಯಾಕೆ ಮುಖ ಗಂಟಾಕ್ಕೊಂಡಿದ್ದೀರ?" ಎಂದರು ನಾರಾಯಣಮ್ಮ.

"ಎಲ್ಲ ಒಂದೇ ತಾಯಿ ಮಕ್ಕಳು ಕಣಮ್ಮ. ಆ ಗುಡ್ಡದಲ್ಲಿ ಎಷ್ಟೊಂದು ತಾಯಂದಿರಿದ್ರು."

ಕುರಿ ಸಾಕಿದವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಹೌದು, ಬರೀ ಒಂದೇ ಮಂದೇಲಿ ಮರಿ ಮಾಡ್ಸಿದ್ರೆ ಸೊರಗೋಗ್ತವೆ. ಬೇರೆ ಗುಡ್ಡದ್ದು ಹುಡುಕಣ ನಡೀರಿ."

ಹುಡುಕುತ್ತಲೇ ಇದ್ದೇವೆ. ಆಮೇಲೆ ಹತ್ತಿದ ಗುಡ್ಡಗಳಲ್ಲೆಲ್ಲ, ಸಸಿ ನೆಡಲೆಂದು ಕುರುಚಲು ಕಿತ್ತು, ಸಾಲಾಗಿ ಗುಂಡಿ ತೋಡಿಟ್ಟಿದ್ದಾರೆ.