ನೆರಳಿನ ಹಿಂದೆ ಹೋದ ಕೌದಿ

ಹೊನ್ನೂರಮ್ಮಜ್ಜಿ ದಿನಕ್ಕೆ ನೂರು ಸಲ ಕೌದಿ ಎಳೆಯುತ್ತಿದ್ದಳು. ಕೌದಿಯ ಮೇಲೆ ಹನ್ನೆರಡು ಮಕ್ಕಳು. ಸರಿ, ನೂರಲ್ಲ, ಏಳೆಂಟು ಸಲ. ಮಕ್ಕಳೂ ಆರೇ. ನಾನು ಹೇಳುವುದರಲ್ಲಿ ಅರ್ಧ ಸೋಸಿ ಚೆಲ್ಲಬೇಕು ಅಂತ ಅಜ್ಜಿಯೇ ನಮ್ಮೂರು ತಂಬ್ರಹಳ್ಳಿಗೆಲ್ಲ ಹೇಳಿಟ್ಟಿದ್ದಳು. ಆದರೆ ಅವಳು ಎಳೆಯುವುದನ್ನು ನೀವು ನೋಡಬೇಕಿತ್ತು. ಸೆರಗನ್ನು ಸೊಂಟಕ್ಕೆ ಬಿಗಿದು, ಕೌದಿಯ ಎರಡು ಮೂಲೆ ಹಿಡಿದು, ಹಿಂದೆ ಹಿಂದೆ ನಡೆಯುತ್ತ ಎಳೆಯುವಳು. ಮಕ್ಕಳು ಕೂತವು ಕೂತಲ್ಲೇ, ಮಲಗಿದವು ಮಲಗಿದಲ್ಲೇ, ಉಚ್ಚೆ ಹೊಯ್ಯುವವು ಹೊಯ್ಯುತ್ತಲೇ, ತೆಪ್ಪದಲ್ಲಿ ಕೂತ ಸಾಹುಕಾರರ ಹಾಗೆ ತೇಲಿ ಹೋಗುತ್ತಿದ್ದವು.

ನಮ್ಮ ಓಣಿಯ ಹೆಂಗಸರು ಟೆಂಪೋದಲ್ಲಿ ಹೊಲದ ಕೆಲಸಕ್ಕೆ ಹೋಗುತ್ತಾರೆ. ನಮ್ಮವ್ವನೂ ಹೋಗುತ್ತಾಳೆ, ಕಾಲೇಜಿಗೆ ರಜೆ ಇದ್ದಾಗ ನಾನೂ. ಕೂಸುಗಳಿದ್ದವರು ಅವನ್ನೂ ಹೊತ್ತು ತರುತ್ತಾರೆ. ಆ ಕೂಸುಗಳನ್ನು ಹೊಲದ ಬದುವಿನ ಹುಣಸೆ ಮರದ ಕೆಳಗೆ ಕಾಯುವುದು ಅಜ್ಜಿಯ ಕೆಲಸ. ಅದಕ್ಕೆ ಒಬ್ಬೊಬ್ಬ ತಾಯಿ ಒಂದೊಂದು ರೊಟ್ಟಿ ತಂದುಕೊಡಬೇಕು. ಗಂಡನಿಲ್ಲ, ಗಂಡುಮಕ್ಕಳಿಲ್ಲ, ಇದ್ದೊಬ್ಬ ಮಗಳು ಹರಪನಹಳ್ಳಿ ಕಡೆ. ಆ ರೊಟ್ಟಿಯೇ ಅವಳ ಎರಡು ಹೊತ್ತಿನ ಊಟ.

ಅಜ್ಜಿಗೆ ಹಾವು ಚೇಳಿನ ಭಯವಿರಲಿಲ್ಲ. ಅವಳ ವೈರಿ ಒಬ್ಬನೇ, ಸೂರ್ಯ. ಅವನನ್ನು ಅವಳು ಅಳಿಯ ಎನ್ನುತ್ತಿದ್ದಳು. "ಬಂದ ನೋಡವ್ವ ಅಳಿಯ! ಕರೀಲಾರದ ಬರ್ತಾನ, ಹೋಗಪ್ಪಾ ಅಂದ್ರ ಹೋಗಂಗಿಲ್ಲ."

ಈ ಅಳಿಯನ ಮೇಲೆ ಕಣ್ಣಿಡಲು ಮರದ ಸುತ್ತ ಐದು ಕಲ್ಲು ನೆಟ್ಟಿದ್ದಳು. ನೆರಳಿನ ಅಂಚು ಒಂದು ಕಲ್ಲನ್ನು ಮುಟ್ಟಿತು ಅಂದರೆ ಕೌದಿ ಮುಂದಿನ ಕಲ್ಲಿಗೆ ಹೋಗಬೇಕು. ಬಿಸಿಲು ಬಂದ ಮೇಲೆ ಎಳೆಯುವುದಲ್ಲ, ಬರುವ ಮುಂಚೆ. ಪ್ರತಿ ಅಮಾವಾಸ್ಯೆಗೆ ಕಲ್ಲು ಕಿತ್ತು ಬೇರೆ ಕಡೆ ನೆಡುವಳು. ಯಾಕಜ್ಜಿ ಎಂದರೆ, "ಬ್ಯಾಸಗಿ ನೆರಳು ಬ್ಯಾರೆ, ಶ್ರಾವಣದ ನೆರಳು ಬ್ಯಾರೆ ಬೇ. ಕಲ್ಲು ಇದ್ದಲ್ಲೇ ಇದ್ರ ನೆರಳು ಇರತೈತೇನು?" ಇದರ ಮೇಲೆ ಹಳೆಯ ನೂಲಿನ ಸೀರೆ ಹರಿದು ಎಲ್ಲ ಕೂಸುಗಳಿಗೂ ಕುಂಚಿಗೆ ಹೊಲಿದಿದ್ದಳು. ತಲೆ, ಕಿವಿ, ಕುತ್ತಿಗೆ ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ ಟೊಪ್ಪಿಗೆ. ಆರೂ ಕುಂಚಿಗೆಗಳು ಸಾಲಾಗಿ ಕೂತರೆ ಪಂಚಾಯ್ತಿ ಸಭೆ ಸೇರಿದ ಹಾಗೆ ಕಾಣುತ್ತಿತ್ತು.

ಹೆಂಗಸರನ್ನು ಕರೆದೊಯ್ಯುವ ಮೇಸ್ತ್ರಿ ಈರಣ್ಣ ಒಮ್ಮೆ ನಕ್ಕ. "ಅಜ್ಜಿ, ಇವೇನು ಬಿಳಿ ದೊರಿ ಮಕ್ಕಳೇನು? ಕರ್ರಗ ಅದಾವು. ಇವಕ್ಕ ಬಿಸಿಲು ಏನ್ ಮಾಡತೈತಿ?"

"ರೊಟ್ಟಿ ಹಂಚೂ ಕರ್ರಗ ಐತಲ್ಲಪ್ಪ. ಒಲಿ ಮ್ಯಾಲಿದ್ದಾಗ ಮುಟ್ಟಿ ನೋಡು ಬಾ."

ಈರಣ್ಣ ಆಮೇಲೆ ಒಂದು ವರ್ಷ ಮರದ ಹತ್ತಿರ ಬರಲಿಲ್ಲ. ಒಂದು ವಾರ ಎಂದಿಟ್ಟುಕೊಳ್ಳಿ.

ಪಕ್ಕದ ಮನೆಯ ಸಾವಿತ್ರಕ್ಕನಿಗೆ ಚೊಚ್ಚಲು ಹೆಣ್ಣುಕೂಸು. ಬಿಸಿಲಿಗೆ ಒಳ್ಳೆಯದಂತೆ ಅಂತ ಕೊಟ್ಟೂರಿನಿಂದ ಕ್ರೀಮು ತಂದು, ಐದು ತಿಂಗಳ ಕೂಸಿನ ಮೈಗೆಲ್ಲ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದಿದ್ದಳು. ಅಜ್ಜಿ ಒದ್ದೆ ಬಟ್ಟೆಯಿಂದ ಅಷ್ಟನ್ನೂ ಒರೆಸಿ ಹಾಕಿದಳು.

"ಅಜ್ಜಿ, ಎಂಥಾ ಚಲೋ ಕ್ರೀಮು ಅದು!"

"ಚಲೋದಿದ್ರ ನೀ ಹಚ್ಕೋ. ಇಷ್ಟು ಎಳೀ ಕೂಸಿಗೆ ನೆರಳೇ ಕ್ರೀಮು. ಹೊಲಕ್ಕ ನಡಿ, ನಾ ಅದೀನಿ."

ನಾ ಅದೀನಿ. ಈ ಮಾತು ಕೇಳಿದರೆ ತಾಯಂದಿರು ಹಿಂದೆ ತಿರುಗಿ ನೋಡದೆ ಸಾಲು ಹಿಡಿಯುತ್ತಿದ್ದರು.

ಹೋದ ಸಂಕ್ರಾಂತಿಯ ಹೊತ್ತಿಗೆ ಒಂದು ದಿನ ನೀರು ಕುಡಿಯಲು ಮರದ ಹತ್ತಿರ ಹೋದೆ. ಅಜ್ಜಿ ಯಾರನ್ನೋ ರಮಿಸುತ್ತಿದ್ದಳು. "ಅಳಬ್ಯಾಡ ನನ್ನ ಬಂಗಾರ, ಕುಂಚಿಗಿ ಹಾಕ್ಕೋ." ನೋಡಿದರೆ ಅದು ಮೇಕೆ ಮರಿ. ಕುಂಚಿಗೆ ಹಾಕಿಸಿಕೊಂಡು, ದಾರ ಕಟ್ಟಿಸಿಕೊಂಡು, ಮ್ಯಾ ಎನ್ನುತ್ತಿತ್ತು. ನಾನು ನೆಲಕ್ಕೆ ಬಿದ್ದು ನಕ್ಕೆ. ಅಜ್ಜಿ ನಗಲಿಲ್ಲ. ತಡಕಾಡಿ ನನ್ನ ಕೈ ಹಿಡಿದಳು. ಹಿಡಿದಾಗ ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಪಕ್ಕದಲ್ಲೆಲ್ಲೋ ಇತ್ತು.

"ರೇಣಿ, ಯಾರಿಗೂ ಹೇಳಬ್ಯಾಡ ನನ್ನವ್ವ. ಕಣ್ಣಿಲ್ಲದಾಕಿ ಕೈಯಾಗ ಕೂಸು ಯಾರು ಬಿಡ್ತಾರ?"

"ದವಾಖಾನಿಗೆ ತೋರ್ಸಜ್ಜಿ."

"ಸೇಂಗಾ ಕೆಲಸ ಮುಗೀಲಿ. ಈಗ ಹೋದ್ರ ಇವನ್ನ ಯಾರು ನೋಡ್ತಾರ?"

ಯಾರಿಗೂ ಹೇಳುವುದಿಲ್ಲ ಅಂತ ಆಣೆ ಮಾಡಿದೆ. ನನ್ನ ಜೀವಮಾನದಲ್ಲಿ ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ಸಲ, ಅದೂ ಮುಚ್ಚಬಾರದ ಸಲ.

ಯುಗಾದಿ ಅಮಾವಾಸ್ಯೆ ಬಂತು, ಹೋಯಿತು. ಅಜ್ಜಿ ಕಲ್ಲು ಸರಿಸಲಿಲ್ಲ. ನೆರಳಿನ ಅಂಚೇ ಕಾಣದವಳು ಎಲ್ಲಿಗೆ ಸರಿಸಬೇಕು? ಕಾಲಿನಿಂದ ಕಲ್ಲು ಮುಟ್ಟಿ ನೋಡಿ, ಅಂದಾಜಿನ ಮೇಲೆ ಹಳೆಯ ಜಾಗಕ್ಕೇ ಕೌದಿ ಎಳೆಯುತ್ತಿದ್ದಳು. ಬೇಸಿಗೆಯ ಸೇಂಗಾ ಕೀಳುತ್ತಿದ್ದಾಗ ಒಂದು ಮಧ್ಯಾಹ್ನ ಸಾವಿತ್ರಕ್ಕ ಹಾಲು ಕುಡಿಸಲು ಹೋದಳು. ಕೂಸಿನ ಒಂದು ಕಾಲು ಕೌದಿಯ ಅಂಚಿನಾಚೆ ಬಿಸಿಲಲ್ಲಿತ್ತು. ಮೊಣಕಾಲಿನ ಕೆಳಗೆ ಕೆಂಪಾಗಿ, ನಡುವೆ ಒಂದು ಬೊಬ್ಬೆ ಎದ್ದಿತ್ತು. ಸಾವಿತ್ರಕ್ಕ ಬೈಯಲಿಲ್ಲ. ಕೂಸನ್ನು ಎದೆಗೆ ಅವುಚಿಕೊಂಡು ಅತ್ತಳು. "ಏನಾತು, ಏನಾತು ಬೇ?" ಅಂತ ಅಜ್ಜಿ ಗಾಳಿಯಲ್ಲಿ ಕೈ ಆಡಿಸುತ್ತಿದ್ದಳು.

ಸಂಜೆ ಟೆಂಪೋದಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಜನ ಸುಮ್ಮನಿದ್ದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ನಗಿಸೋಣ ಅಂತ ಮೇಕೆ ಮರಿಯ ಕಥೆ ತೆಗೆದೆ. ಒಂದು ಮರಿ ಮೂರಾಯಿತು. ಕುಂಚಿಗೆಯ ಜೊತೆಗೆ ಕಾಡಿಗೆ, ದೃಷ್ಟಿಬೊಟ್ಟು. ಸಾಲದ್ದಕ್ಕೆ, "ಸಾವಿತ್ರಕ್ಕನ ಕೂಸಿನ ಕಾಲು ಹಪ್ಪಳ ಉಬ್ಬಿದಂಗ ಉಬ್ಬೇತಿ, ನಾಳಿಗೆ ಕರದು ತಿನ್ನಬೌದು" ಅಂದೆ. ಸಾವಿತ್ರಕ್ಕ ಅವತ್ತು ಮಧ್ಯಾಹ್ನವೇ ಕೂಸನ್ನೆತ್ತಿಕೊಂಡು ಊರಿಗೆ ವಾಪಸ್ಸಾಗಿದ್ದಳು. ಉಳಿದವರು ಬಿದ್ದು ಬಿದ್ದು ನಕ್ಕರು. ನಮ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜಿ ಮುಂದೆ ಡ್ರೈವರನ ಪಕ್ಕ, ನಿದ್ದೆ ಹೋದ ಯಾರದೋ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

ನಗು ಮನೆ ಮುಟ್ಟುವಷ್ಟರಲ್ಲಿ ಆರಿತ್ತು. ಮೇಕೆ ಮರಿಗೆ ಕುಂಚಿಗೆ ಕಟ್ಟಿದವಳಿಗೆ ಕಣ್ಣು ಕಾಣುವುದಿಲ್ಲ ಅಂತ ಎಲ್ಲರಿಗೂ ತಿಳಿದುಹೋಗಿತ್ತು. ಮರುದಿನ ಕೌದಿಯ ಮೇಲೆ ಒಂದು ಕೂಸೂ ಇರಲಿಲ್ಲ. "ಬ್ಯಾಡ್ರಿ ಅಜ್ಜಿ, ಕೂಸು ಇವತ್ತು ನನ್ನ ಹತ್ರನ ಇರ್ಲಿ" ಅಂತ ಒಬ್ಬೊಬ್ಬರೂ ಮರ್ಯಾದೆಯಿಂದಲೇ ಹೇಳಿದರು. ರೊಟ್ಟಿ ಮಾತ್ರ ಕೊಡಲು ಹೋದರು. ಅಜ್ಜಿ ಮುಟ್ಟಲಿಲ್ಲ. "ಕೆಲಸ ಮಾಡದ ರೊಟ್ಟಿ ಗಂಟಲಾಗ ಇಳಿಯಂಗಿಲ್ಲ" ಅಂದಳು. ಅದೇ ಅವಳ ಕೊನೆಯ ಟೆಂಪೋ.

ಕೂಸುಗಳನ್ನು ಟ್ರ್ಯಾಕ್ಟರಿನ ಟ್ರೇಲರ್ ಕೆಳಗೆ ಮಲಗಿಸತೊಡಗಿದರು. ನಡುಮಧ್ಯಾಹ್ನ ಅಲ್ಲಿ ಒಳ್ಳೆಯ ನೆರಳು. ಮೂರು ಗಂಟೆಗೆ ಬಿಸಿಲು ಓರೆಯಾಗಿ ಚಕ್ರದ ಸಂದಿಯಿಂದ ಒಳಗೆ ಬರುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ. ನನಗೂ. ಹತ್ತು ದಿನದಲ್ಲಿ ನಮ್ಮ ಚಿಕ್ಕಮ್ಮನ ಮಗನ ಎರಡೂ ಕೆನ್ನೆ ಸುಲಿದು ಬಂದವು. ಅವನು ಮೂರು ದಿನ ಹಾಲು ಕುಡಿಯದೆ ಚೀರಿದ. ಇದನ್ನು ನಾನು ಹಿಗ್ಗಿಸಿಲ್ಲ. ಹಿಗ್ಗಿಸಲು ಜಾಗವೇ ಇರಲಿಲ್ಲ. ಆದರೂ ಯಾರೂ ಅಜ್ಜಿಯನ್ನು ವಾಪಸ್ಸು ಕರೆಯಲಿಲ್ಲ. ಕರೆಯಲು ಎಲ್ಲರಿಗೂ ನಾಚಿಕೆ.

ನಾನೇ ಅವಳನ್ನು ಬಸ್ಸು ಹತ್ತಿಸಿಕೊಂಡು ಹಗರಿಬೊಮ್ಮನಹಳ್ಳಿಯ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಅವರು ಬೆಳಕು ಬಿಟ್ಟು ನೋಡಿ, ಕಣ್ಣಿನ ನರ ಒಣಗಿದೆ, ಮೂರು ತಿಂಗಳು ಮುಂಚೆ ಬಂದಿದ್ದರೆ ಒಂದು ಕಣ್ಣಾದರೂ ಉಳಿಯುತ್ತಿತ್ತೇನೋ ಎಂದರು. ಮೂರು ತಿಂಗಳು. ನನ್ನ ಆಣೆಯ ವಯಸ್ಸೂ ಅಷ್ಟೇ.

ಈಗ ಅಜ್ಜಿ ನಮ್ಮೂರಲ್ಲಿಲ್ಲ. ಮಗಳು ಬಂದು ಕರೆದುಕೊಂಡು ಹೋದಳು. ಹೋಗುವ ಹಿಂದಿನ ದಿನ ಅವಳ ಮನೆಗೆ ಹೋಗಿದ್ದೆ. ಬಾಗಿಲ ಮುಂದೆ ಕೌದಿ ಹಾಸಿಕೊಂಡು ಕೂತಿದ್ದಳು. ನನ್ನ ಹೆಜ್ಜೆ ಸಪ್ಪಳಕ್ಕೇ ಗುರುತು ಹಿಡಿದಳು.

"ರೇಣಿ ಏನು? ಬಾ. ಅವತ್ತು ಟೆಂಪೋದಾಗ ಹಪ್ಪಳ ಅಂದ್ಯಲ್ಲ, ಖರೇ ಎಷ್ಟಿತ್ತು ಬೇ ಆ ಬೊಬ್ಬಿ? ನನಗ ಕಾಣಲಿಲ್ಲ."

ಅವಳ ಅಂಗೈ ಬಿಡಿಸಿ, ನಡುವೆ ಬೆರಳಿನಿಂದ ಸಣ್ಣ ಸುತ್ತು ಎಳೆದೆ. "ಇಷ್ಟೇ ಅಜ್ಜಿ. ಸೇಂಗಾ ಬೀಜದಷ್ಟು. ಆಣೆಪ್ರಮಾಣ, ಇಷ್ಟೇ. ಈಗ ಕಾಲ ಮ್ಯಾಲ ಕಲೀನೂ ಇಲ್ಲ."

ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಅವಳು ಆ ಸುತ್ತನ್ನು ಇನ್ನೊಂದು ಕೈಯ ಬೆರಳಿನಿಂದ ಬಹಳ ಹೊತ್ತು ತಿಕ್ಕಿದಳು.

"ಸೇಂಗಾ ಬೀಜದಷ್ಟಾದ್ರೂ ಯಾಕ ಸುಡಬೇಕಿತ್ತು ಬೇ? ನಾ ಇದ್ದೆನಲ್ಲ."

ಆಮೇಲೆ ಎದ್ದು ಕೌದಿಯ ಎರಡು ಮೂಲೆ ಹಿಡಿದಳು. ಮೇಲೆ ಯಾರೂ ಇರಲಿಲ್ಲ. ಆದರೂ ಭಾರವಿದ್ದ ಹಾಗೆ ಬೆನ್ನು ಬಾಗಿಸಿ, ಹಿಂದೆ ಹಿಂದೆ ನಡೆದು, ಅಳಿಯ ಬಂದ ಅಂದುಕೊಂಡಳೋ ಏನೋ, ನೆರಳಲ್ಲಿದ್ದ ಕೌದಿಯನ್ನು ಬಿಸಿಲಿಗೆ ಎಳೆದುಕೊಂಡು ಹೋದಳು.