ಅಕ್ಕ ಆರಿಸಿದ ಕಾಡತೂಸು

ಮೊನ್ನೆ ಬೆಳಿಗ್ಗೆ ಲಿವರ್‌ಮೋರಿನ ದೇವಸ್ಥಾನದ ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ಹಾಕುತ್ತಿದ್ದಾಗ ಗುಡ್ಡದ ಆಚೆಯಿಂದ ‘ಚಟ್’ ಎಂದು ಒಂದು ಸದ್ದು ಬಂತು. ಒಣಗಿದ ಬಿದಿರು ಸೀಳಿದ ಹಾಗೆ ತೆಳ್ಳಗೆ, ಚೂಪಾಗಿ. ಯಾರದ್ದೋ ಟೈರು ಒಡೆಯಿತು ಅಂದಳು ಹೆಂಡತಿ. ಅದು ಟೈರಲ್ಲ, ಪಟಾಕಿಯೂ ಅಲ್ಲ. ಎಲ್ಲರಿಗೂ ಗೊತ್ತಿರುವ ಟ್ವೆಂಟಿಟೂ ರೈಫಲ್ಲೂ ಅಲ್ಲ. ಅದಕ್ಕಿಂತ ಸಣ್ಣ ನಳಿಗೆಯ ಸೆವೆಂಟೀನ್, ಇಂಚಿನ ನೂರರಲ್ಲಿ ಹದಿನೇಳು ಪಾಲಷ್ಟೇ ತೂತಿರುವ ರೈಫಲ್. ಜೀವಮಾನದಲ್ಲಿ ಒಮ್ಮೆಯೂ ಅದನ್ನು ಹಾರಿಸದವನಿಗೆ ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಬಾಲ್ಯದ ಎಷ್ಟೋ ಶನಿವಾರಗಳಲ್ಲಿ ನನಗೆ ಎಚ್ಚರವಾಗುತ್ತಿದ್ದದ್ದೇ ಆ ಸದ್ದಿಗೆ. ಎಚ್ಚರವಾದ ಕೂಡಲೇ ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತಿತ್ತು. ಇಷ್ಟು ವಯಸ್ಸಾದ ಮೇಲೆ, ಕೈಯಲ್ಲಿ ಹಣ್ಣುಕಾಯಿ ಹಿಡಿದು ದೇವರ ಮುಂದೆ ನಿಂತಾಗಲೂ, ಅವತ್ತು ಅದು ಆರಲಿಲ್ಲ.

ಅದೇ ಊರಿನ ದ್ರಾಕ್ಷಿ ತೋಟಗಳು ಮುಗಿದು ಬೋಳುಗುಡ್ಡಗಳು ಶುರುವಾಗುವ ಕಡೆ ನಮ್ಮ ಮನೆಯಿತ್ತು. ಅಲ್ಲಿನ ಸರ್ಕಾರಿ ವಿಜ್ಞಾನ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅಪ್ಪನ ಸ್ನೇಹಿತರೆಲ್ಲ ಒಳ್ಳೆಯ ಸ್ಕೂಲು ಹುಡುಕಿಕೊಂಡು ಊರ ಮಧ್ಯೆ ಮನೆ ಕೊಂಡರೆ, ಹಾಸನದ ಕಡೆಯಿಂದ ಈ ದೇಶಕ್ಕೆ ಬಂದ ಅಪ್ಪ ಮಣ್ಣು ಹುಡುಕಿಕೊಂಡು ಹೋಗಿ ಒಂದು ಹಳೆಯ ಮರದ ಮನೆ, ಅದರ ಹಿಂದೆ ನಾಲ್ಕು ಸಾಲು ಬಳ್ಳಿ ಕೊಂಡಿದ್ದರು. ಬೇಸಿಗೆಯಲ್ಲಿ ಆ ಮನೆಗೆ ಒಂದು ವಾಸನೆ ಇತ್ತು: ಕಾದ ಹಲಗೆ, ಒಣಹುಲ್ಲಿನ ಧೂಳು, ಅಮ್ಮ ಹುರಿಯುತ್ತಿದ್ದ ಕೊತ್ತಂಬರಿ ಬೀಜ, ಮೂರೂ ಕಲೆತದ್ದು. ಬೇರೆ ಯಾವ ಮನೆಯಲ್ಲೂ ಅದು ನನಗೆ ಮತ್ತೆ ಸಿಕ್ಕಿಲ್ಲ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು, ಅದೂ ಈಗ ಇರಲಿಕ್ಕಿಲ್ಲ. ನಮ್ಮದರ ಅಡಿಯಲ್ಲಿ, ಬಳ್ಳಿಗಳ ಬುಡದಲ್ಲಿ, ಜಗಲಿಯ ಕಂಬದ ಕೆಳಗೆ ಅಳಿಲುಗಳು ಬಿಲ ತೋಡುತ್ತಿದ್ದವು. ಮರ ಹತ್ತುವ ಅಳಿಲಲ್ಲ, ನೆಲದಲ್ಲೇ ಸಂಸಾರ ಹೂಡುವ ದಪ್ಪ ಬೂದು ಅಳಿಲು. ಒಂದು ಸಾಲು ಬಳ್ಳಿ ಬೇರು ಸಡಿಲವಾಗಿ ಒಣಗಿ ಹೋದ ವರ್ಷ, ಇನ್ನು ರೈಫಲ್ ತರುವುದೇ ಸರಿ ಎಂದು ಅಪ್ಪ ತೀರ್ಮಾನಿಸಿದರು.

ಅಮ್ಮ ಒಪ್ಪಲಿಲ್ಲ. ಮನೆಯಲ್ಲಿ ಕೋಳಿ ಕುರಿ ಎಲ್ಲ ನಡೆಯುತ್ತಿತ್ತು, ಆದರೆ ಅಳಿಲನ್ನು ಕೊಲ್ಲುವುದೆಂದರೆ ರಾಮನ ಬೆರಳ ಗುರುತಿಗೆ ಗುಂಡು ಹೊಡೆದಂತೆ ಎನ್ನುವುದು ಅವಳ ವಾದ. ಅಪ್ಪ ಬೋನಿನಲ್ಲಿ ಒಂದನ್ನು ಹಿಡಿದು ಅಡುಗೆಮನೆಯ ಬಾಗಿಲಿಗೇ ತಂದು ತೋರಿಸಿದರು. ಅಮ್ಮ ಕೈಯಲ್ಲಿ ಸೌಟು ಹಿಡಿದೇ ಬಗ್ಗಿ ಅದರ ಬೆನ್ನು ಪರೀಕ್ಷೆ ಮಾಡಿದಳು. “ಗೆರೆ ಎಲ್ರೀ?” ಎಂದಳು. “ಅದೇ ಹೇಳ್ತಿರೋದು. ಇವು ಸೇತುವೆ ಕಟ್ಟಕ್ಕೆ ಬಂದಿರ್ಲಿಲ್ಲ,” ಎಂದರು ಅಪ್ಪ. ಅಷ್ಟಕ್ಕೆ ಅಪ್ಪಣೆ ಸಿಕ್ಕಿತು.

ರೈಫಲ್ ಅಂದರೆ ಅಂಗಡಿಗೆ ಹೋಗಿ ತರುವುದು ಎಂದುಕೊಂಡಿದ್ದೆ ನಾನು. ಅಪ್ಪನ ಲೆಕ್ಕವೇ ಬೇರೆ. ಮೊದಲು ಕಾಡತೂಸು ಯಾವುದು ಅಂತ ಗೊತ್ತಾಗಬೇಕು, ರೈಫಲ್ ಅದಕ್ಕೆ ತಕ್ಕಂತೆ. ಒಂದು ಭಾನುವಾರ ಊಟದ ಮೇಜಿನ ಮೇಲೆ ಸ್ಟೀಲ್ ತಟ್ಟೆಯಿಟ್ಟು ಅದರಲ್ಲಿ ಬಗೆಬಗೆಯ ಕಾಡತೂಸು ಸುರಿದರು. ಹೊಸ ಹಿತ್ತಾಳೆಯ ಹೊಳಪು, ಬೆರಳಿಗೆ ಅಂಟುವ ಸಣ್ಣ ಎಣ್ಣೆ ಪಸೆ, ತಟ್ಟೆ ಅಲುಗಿದರೆ ಕಿಣಿಕಿಣಿ. ಒಂದೊಂದನ್ನೇ ಎತ್ತಿ ತೋರಿಸಿ ಹೇಳುತ್ತ ಹೋದರು. ಟ್ವೆಂಟಿಟೂ ಅಗ್ಗ, ಸದ್ದು ಕಡಿಮೆ, ಪಕ್ಕದ ಮನೆಯ ಕುದುರೆಗಳು ಬೆದರುವುದಿಲ್ಲ. ಆದರೆ ಗುಂಡು ನಿಧಾನ, ದೂರಕ್ಕೆ ಹೋದಂತೆ ಕೆಳಗೆ ಬೀಳುತ್ತದೆ, ಬೇಸಿಗೆಯ ಗಟ್ಟಿ ನೆಲಕ್ಕೆ ಬಡಿದರೆ ಚಿಮ್ಮಿ ಎತ್ತಲೋ ಹೋಗುವ ಭಯ. ಸೆವೆಂಟೀನ್ ಅದಕ್ಕಿಂತ ಸಣ್ಣದು, ಬಲು ವೇಗ, ನೇರ ಹೋಗುತ್ತದೆ, ಬಡಿದಲ್ಲೇ ಪುಡಿಯಾಗುತ್ತದೆ. ಆದರೆ ಹಗುರ. ನಮ್ಮೂರಿನ ಸಂಜೆ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ.

ನನಗೆ ತಡೆಯಲಿಲ್ಲ. ತಟ್ಟೆಯ ಅಂಚಿನಲ್ಲಿದ್ದ, ಹೋಲಿಕೆಗೆಂದು ಇಟ್ಟಿದ್ದ ಎಲ್ಲಕ್ಕಿಂತ ಉದ್ದದ ಕಾಡತೂಸನ್ನು ಎತ್ತಿಕೊಂಡು “ಇದೇ ಬೆಸ್ಟು” ಎಂದೆ. ಅಪ್ಪ ನಕ್ಕರು. “ಅದ್ರಲ್ಲಿ ಹೊಡೆದ್ರೆ ಅಳಿಲಿನ ಜೊತೆ ಬಳ್ಳೀನೂ ಇರಲ್ಲ ಕಣೋ.” ಆಗ ಹದಿಮೂರರ ಅಕ್ಕ, ಅಲ್ಲಿಯವರೆಗೂ ಗಲ್ಲಕ್ಕೆ ಕೈ ಕೊಟ್ಟು ಕೂತವಳು, ಮೆಲ್ಲಗೆ ಕೇಳಿದಳು: “ಅಪ್ಪಾ, ಸತ್ತಿದ್ದನ್ನ ಆಮೇಲೆ ಯಾರು ತಿಂತಾರೆ?”

ಅಪ್ಪ ಕೈಯಲ್ಲಿದ್ದದ್ದನ್ನು ತಟ್ಟೆಗೆ ಹಾಕಿ ಅವಳನ್ನೇ ನೋಡಿದರು. ಆ ನೋಟ ನನಗೆ ಇವತ್ತಿಗೂ ಚುಚ್ಚುತ್ತದೆ. ನಮ್ಮ ಬೇಲಿಯಾಚೆಯ ಲೈಟುಕಂಬದ ಮೇಲೆ ದಿನವೂ ಒಂದು ದೊಡ್ಡ ಹದ್ದು ಬಂದು ಕೂರುತ್ತಿತ್ತು, ಅಮ್ಮ ಗರುಡ ಎಂದು ಕೈಮುಗಿಯುತ್ತಿದ್ದಳು. ಹೊಡೆದು ಬಿಟ್ಟ ಅಳಿಲನ್ನು ಅದು ತಿಂದರೆ ಗುಂಡಿನ ಸೀಸದ ವಿಷವೂ ಅದರ ಹೊಟ್ಟೆಗೆ. ಈಗ ಸೀಸದ ಗುಂಡು ಬೇಡವೆಂದು ಕಾನೂನೇ ಇದೆ, ಆಗ ಅದು ಅಪ್ಪನಿಗೆ ಆ ಕ್ಷಣದಲ್ಲಿ ಹುಟ್ಟಿದ ಹಟ. ಸೀಸವಿಲ್ಲದ ಟ್ವೆಂಟಿಟೂ ಆ ದಿನಗಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ, ಸೆವೆಂಟೀನಿನಲ್ಲಿ ತಾಮ್ರದ ಗುಂಡು ಸಿಗುತ್ತಿತ್ತು. “ಗಾಳಿ?” ಎಂದರು ಅಪ್ಪ. “ಬೆಳಿಗ್ಗೆ ಬೇಗ ಹೋಗೋಣ,” ಎಂದಳು ಅಕ್ಕ. ಹೋಗೋಣ ಅಂದಳು, ಹೋಗಿ ಅನ್ನಲಿಲ್ಲ. ಅಲ್ಲಿಗೆ ಕಾಡತೂಸೂ ತೀರ್ಮಾನವಾಯಿತು, ಜೊತೆಗೆ ಹೋಗುವವರು ಯಾರು ಎನ್ನುವುದೂ. ಇಷ್ಟಕ್ಕೂ ಆ ಹದ್ದನ್ನು ಮೊದಲು ಕಂಡವನು ನಾನು! ಅದು ಅಳಿಲು ತಿನ್ನುವುದನ್ನು ಅಕ್ಕನಿಗೆ ಕಿಟಕಿಯಿಂದ ತೋರಿಸಿಕೊಟ್ಟವನೂ ನಾನೇ. ಹಾಗೆಂದು ಅರಚಿಕೊಂಡೆ ಕೂಡ. ಆ ಹೊತ್ತಿಗೆ ಅವರಿಬ್ಬರೂ ರೈಫಲ್ಲಿನ ಉದ್ದದ ಮಾತಿಗೆ ಹೋಗಿಯಾಗಿತ್ತು.

ನಾನೂ ಬರುತ್ತೇನೆಂದರೆ ಅಪ್ಪ, “ನೀನು ಒಂದು ಕಡೆ ಸುಮ್ನೆ ಕೂರಲ್ಲ,” ಎಂದರು. ಸುಳ್ಳಲ್ಲ. ಹುಟ್ಟುವಾಗಲೇ ಮಾತಾಡಿಕೊಂಡು ಬಂದೆ ಎಂದು ಅಮ್ಮ ಹೇಳುತ್ತಿದ್ದಳು. ಶನಿವಾರ ಬೆಳಕು ಹರಿಯುವ ಮುಂಚೆ ಅವರಿಬ್ಬರೂ ಹೋಗಿ ಮಣ್ಣಿನ ದಿಬ್ಬಕ್ಕೆ ಎದುರಾಗಿ ಗೋಣಿ ಹಾಸಿ ಮಲಗುತ್ತಿದ್ದರು. ನಾನು ಸದ್ದಿಗೆ ಎದ್ದು ಅಡುಗೆಮನೆಗೆ ಹೋಗಿ ಅಮ್ಮನ ಸೆರಗು ಹಿಡಿಯುತ್ತಿದ್ದೆ. ಅವಳು ರೊಟ್ಟಿ ತಟ್ಟುತ್ತ ಹೇಳುತ್ತಿದ್ದ ಹಾಸನದ ಕತೆಗಳಿಂದಲೇ ನನ್ನ ಕನ್ನಡ ಉಳಿಯಿತು, ಇದನ್ನು ಬರೆಯುತ್ತಿರುವುದೂ ಅದರಿಂದಲೇ. ಆದರೆ ಆಗ ಕಿವಿಯೆಲ್ಲ ಹಿತ್ತಲಲ್ಲಿ. ಅಕ್ಕ ಒಳಗೆ ಬಂದಾಗ ಅವಳ ಕೂದಲಲ್ಲಿ ಸುಟ್ಟ ಮದ್ದಿನ ವಾಸನೆ, ತೋಳಿನ ಮೇಲೆ ಗೋಣಿಯ ಅಚ್ಚು. ಅಪ್ಪ ಅವಳ ಲೋಟಕ್ಕೂ ಒಂದಿಷ್ಟು ಕಾಫಿ ಬಗ್ಗಿಸುತ್ತಿದ್ದರು. ನನಗೆ ಹಾರ್ಲಿಕ್ಸು. ಅವಳು ಜ್ವರ ಬಂದು ಮಲಗಲಿ ಎಂದು ನಾನು ದೇವರನ್ನು ಬೇಡಿದ್ದುಂಟು. ಹಾಳಾದವಳಿಗೆ ಒಂದು ನೆಗಡಿಯೂ ಬರಲಿಲ್ಲ.

ಅಮ್ಮ ಹೋದಳು, ಆಮೇಲೆ ಅಪ್ಪ. ಮನೆ ಮಾರಿದೆವು. ಕೊಂಡವರು ಬಳ್ಳಿ ಕಿತ್ತು, ದಿಬ್ಬ ಸಮ ಮಾಡಿ, ಒಂದಕ್ಕೊಂದು ಅಂಟಿಕೊಂಡ ಮನೆಗಳನ್ನು ಕಟ್ಟಿದ್ದಾರೆ. ಲೈಟುಕಂಬವೂ ಇಲ್ಲ, ತಂತಿ ಈಗ ನೆಲದೊಳಗೆ.

ಮೊನ್ನೆ ಆ ಸದ್ದು ಕೇಳಿದ ಮೇಲೆ ಮನಸ್ಸು ತಡೆಯದೆ ದೇವಸ್ಥಾನದಿಂದ ಸೀದಾ ಸರಟೋಗಾಕ್ಕೆ, ಅಕ್ಕನ ಮನೆಗೆ ಹೋದೆ. ಅಪ್ಪನ ರೈಫಲ್ ಅವಳ ಹತ್ತಿರವೇ ಇರಬೇಕು, ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು ಅನಿಸಿತ್ತು. “ಅದಾ? ಅಪ್ಪ ತೀರ್ಕೊಂಡ ವರ್ಷಾನೇ ನಾನು ಬಂದೂಕಿನ ಅಂಗಡಿಗೆ ಕೊಟ್ಬಿಟ್ಟೆನಲ್ಲೋ,” ಎಂದಳು, ಹಳೆಯ ಮಿಕ್ಸಿಯ ವಿಷಯ ಹೇಳಿದಷ್ಟು ಸಲೀಸಾಗಿ. ನನಗೆ ಮೈಯೆಲ್ಲ ಉರಿದುಹೋಯಿತು. “ನನ್ನೊಂದು ಮಾತು ಕೇಳ್ಬಾರ್ದಿತ್ತಾ? ಎಲ್ಲಾ ನಿನಗೇ ಆಯ್ತಲ್ಲಕ್ಕ. ಅಪ್ಪ ಒಂದು ದಿನಾನೂ ನನ್ನ ಕರೀಲಿಲ್ಲ,” ಎಂದೆ. ತಲೆಗೂದಲು ನೆರೆತವನು ಹುಡುಗನ ಹಾಗೆ ಅರಚಿಕೊಂಡೆ.

ಸಿಂಕಿನಲ್ಲಿ ಲೋಟ ತೊಳೆಯುತ್ತಿದ್ದ ಅಕ್ಕ ನಲ್ಲಿ ನಿಲ್ಲಿಸಿದಳು. “ಕರೀತಿದ್ರು ಕಣೋ. ಮೊದಲನೇ ವರ್ಷ ಬಿಟ್ಟು, ಆಮೇಲೆ ಪ್ರತಿ ಸಲಾನೂ. ನಿನ್ನ ರೂಮಿನ ಬಾಗಿಲ ಹತ್ರ ನಿಂತ್ಕೊಂಡು, ಇವನನ್ನೂ ಎಬ್ಬಿಸ್ಲಾ ಅಂತ ನನ್ನ ಕೇಳೋರು. ನಾನೇ ಬೇಡ ಅಂತಿದ್ದೆ. ಪಾಪ ಮಲಗ್ಲಿ ಬಿಡಿ ಅಂತ.”

“ಯಾಕೆ?”

“ಮಿಕ್ಕ ಹೊತ್ತೆಲ್ಲಾ ಅಪ್ಪನ ಹತ್ರ ನೀನೇ ಮಾತಾಡ್ತಿದ್ಯಲ್ಲ. ಅದೊಂದು ಹೊತ್ತೇ ನಂಗಿದ್ದಿದ್ದು.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಾಗಿಲಲ್ಲಿ ನಿಂತಾಗ ಅಪ್ಪ ಹೇಗಿರುತ್ತಿದ್ದರು ಎಂದು ಕೇಳಿದೆ. ನೆಲದ ಹಲಗೆ ಸದ್ದು ಮಾಡದಿರಲಿ ಎಂದು ಬೂಟನ್ನು ಕೈಯಲ್ಲಿ ಹಿಡಿದಿರುತ್ತಿದ್ದರಂತೆ. ಕೆಲವೊಮ್ಮೆ ಒಳಗೆ ಬಂದು, ಜಾರಿದ ನನ್ನ ಹೊದಿಕೆ ಸರಿಮಾಡಿ, ಒಂದು ಗಳಿಗೆ ನೋಡಿ ಹೋಗುತ್ತಿದ್ದರಂತೆ. ಅಕ್ಕ ಅದನ್ನು ಹೇಳುತ್ತಿದ್ದರೆ ನನಗೆ ಅವಳ ಮೇಲೆ ಹಿಂದೆಂದೂ ಇಲ್ಲದಷ್ಟು ಹೊಟ್ಟೆಕಿಚ್ಚಾಯಿತು. ಅದನ್ನೂ ಕಣ್ಣಾರೆ ಕಂಡವಳು ಅವಳೇ. ನಾನು ನಿದ್ದೆಯಲ್ಲಿದ್ದೆ.