ಬೇರು ಟೀಚರ್ ಮಾತು ಕಳೆದುಕೊಂಡ ಕಾಲ

ಶಾಲೆಯ ಹುಡುಗಿಯರು ಅವಳಿಗೆ ಇಟ್ಟಿದ್ದ ಅಡ್ಡಹೆಸರು ಬೇರು ಟೀಚರ್. ಇಂಗ್ಲಿಷ್ ಪಾಠದಲ್ಲಿ ಯಾವುದಾದರೂ ಹಳೆಯ ಪದ ಕೈಗೆ ಸಿಕ್ಕರೆ ಅದನ್ನು ಬುಡಸಮೇತ ಕಿತ್ತು ತೋರಿಸದೆ ಬಿಡುತ್ತಿರಲಿಲ್ಲ. ಡಿಸಾಸ್ಟರ್ ಎಂಬುದರೊಳಗೆ ಗ್ರೀಕರ ನಕ್ಷತ್ರವೊಂದು ಮುನಿಸಿಕೊಂಡು ಕೂತಿದೆ. ಪ್ಯೂಪಿಲ್ ಎಂದರೆ ಲ್ಯಾಟಿನ್ನಿನ ಪುಟ್ಟ ಗೊಂಬೆ, ನಮ್ಮ ಕಣ್ಣಿನ ಪಾಪೆಯೂ ಗೊಂಬೆಯೇ ಅಲ್ಲವೆ? ಮನೆಗೆ ಬಂದರೂ ಅದೇ ಗುಂಗು. ಮುಂದಿನ ಕೋಣೆಯಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಗಂಡ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಅರ್ಧ ಕಿವಿಯಲ್ಲಿ ಕೇಳಿ ‘ಹೂಂ’ ಅನ್ನುತ್ತಿದ್ದ.

ಒಂದು ದಿನ ಪಾಠ ಮಾಡುತ್ತಿದ್ದಂತೆಯೇ ಸೀಮೆಸುಣ್ಣ ಕೈಜಾರಿತು, ಅವಳೂ ಕುಸಿದಳು. ಪಾರ್ಶ್ವವಾಯು. ಜೀವ ಉಳಿಯಿತು, ಬಲಗೈ ಮರಗಟ್ಟಿತು, ಮಾತು ಹೋಯಿತು. ಎಲ್ಲ ಅರ್ಥವಾಗುತ್ತಿತ್ತು, ಆದರೆ ಲೋಟ ಬೇಕೆಂದರೂ ‘ಅದು... ಅದು...’ ಅಷ್ಟೇ. ನೋಡಲು ಬಂದ ಹುಡುಗಿಯರ ಎದುರು ಗೋಡೆಗೆ ಮುಖ ತಿರುಗಿಸಿ ಮಲಗಿಬಿಟ್ಟಳು.

ಒಂದು ಮಧ್ಯಾಹ್ನ ಡಾಕ್ಟರು ಹೇಳಿಕೊಟ್ಟಂತೆ ಅವಳ ತೋಳು ನೀವುತ್ತ ಅವನು ಸುಮ್ಮನೆ ಮಾತು ತೆಗೆದ.

“ಈ ಮಸಲ್ ಅನ್ನೋ ಪದಕ್ಕೆ ಲ್ಯಾಟಿನ್ನಿನ ಏನೋ ಕಥೆ ಹೇಳ್ತಿದ್ಯಲ್ಲೇ? ಚರ್ಮದ ಕೆಳಗೆ ಬೆಕ್ಕಿನ ಮರಿ ಓಡಾಡುತ್ತೆ ಅಂತ...”

ಪಾಪ, ಅವನಿಗೆ ನಿಜವಾಗಿಯೂ ಮರೆತಿತ್ತು. ಅವಳ ಮುಖ ಕೆಂಪಾಯಿತು. ತುಟಿ ಅದುರಿತು.

“ಇ... ಇಲಿ!”

ಅವನ ಕೈ ಹಾಗೇ ನಿಂತಿತು. “ಏನಂದೆ?”

“ಪುಟ್ಟ... ಇಲಿ. ಬೆಕ್ಕಲ್ಲ ರೀ!”

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದ. ಅಲ್ಲಿಂದ ಮುಂದೆ ಬೇಕೆಂದೇ ತಪ್ಪು ಹೇಳತೊಡಗಿದ.

“ಪ್ಲಾನೆಟ್ ಅಂದ್ರೆ ಕೂತಲ್ಲಿಂದ ಏಳದ ಸೋಮಾರಿ, ಅಲ್ವಾ?”

“ಅಲೆ... ಅಲೆಮಾರಿ! ಗ್ರೀಕು! ನಿಮ್ಮ ತಲೆ!”

ಗಂಡನನ್ನು ಬೈಯುವ ಹಟಕ್ಕೆ ಅವಳು ಒಂದೊಂದೇ ಮಾತನ್ನು ಹೆಕ್ಕಿಕೊಂಡಳು. ಬೆಳಿಗ್ಗೆ ಕನ್ನಡಿಯ ಮುಂದೆ ಕೂತು, ಬಾಯಿ ಸೋಲುವವರೆಗೆ, ಮಕ್ಕಳಂತೆ ಅಕ್ಷರಮಾಲೆ ಒಪ್ಪಿಸಿದಳು. ಅವಳ ಛಲ ಕಂಡು, ದಿನಕ್ಕೊಂದು ಹೊಸ ತಪ್ಪು ಅರ್ಥ ಕಟ್ಟಲೆಂದು ಅವನೂ ಮೊದಲ ಸಲ ಅವಳ ದಪ್ಪ ನಿಘಂಟು ತೆರೆದು ಕೂರುವಂತಾಯಿತು.

ಮರುವರ್ಷ ಶಾಲೆಗೆ ಹೋದಳು. ಗಂಡ ತರಗತಿಯ ಹೊರಗೆ ನಿಂತಿದ್ದ. ಪಾಠದ ನಡುವೆ ಒಂದು ಪದ ಗಂಟಲಲ್ಲೇ ಸಿಕ್ಕಿಕೊಂಡಿತು. ಮುಂದಿನ ಸಾಲಿನ ಹುಡುಗಿ ಹೇಳಿಕೊಡಲು ಬಾಯಿ ತೆರೆದಳು. ಪಕ್ಕದವಳು ತಟ್ಟನೆ ಅವಳ ಮೊಣಕೈ ಚಿವುಟಿದಳು. ಎಲ್ಲರೂ ಕಾದರು. ಪದ ಬಂತು, ಅದರ ಬೇರೂ ಬಂತು.

ಆ ದಿನ ಅರ್ಧ ಪುಟವೂ ಮುಗಿಯಲಿಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳೇ ಮಾತಾಡಿದಳು, ತೊದಲುತ್ತ, ಅವನಿಗೆ ಬಾಯಿ ಹಾಕಲೂ ಬಿಡದೆ.